ಮಗುವಿನ ಮೌನವನ್ನು ಓದಬಲ್ಲವರು ಬೇಕಾಗಿದ್ದಾರೆ

ಸೋಮವಾರ ಬೆಳಗ್ಗೆ ಬೀರೂರು ಜಂಕ್ಷನ್ನಿನಲ್ಲಿ ನಿಂತರೆ ನಮ್ಮ ಮೂರು ತಾಲ್ಲೂಕುಗಳ ಯೌವನ ಒಂದೇ ಪ್ಲಾಟ್‌ಫಾರ್ಮಿನಲ್ಲಿ ಕಾಣಸಿಗುತ್ತದೆ. ತರೀಕೆರೆ ಕಡೆಯಿಂದ ಶಿವಮೊಗ್ಗದ ಮಾರ್ಗದಲ್ಲಿ ಬಂದವರು, ಅಜ್ಜಂಪುರ, ಶಿವನಿ ಕಡೆಯಿಂದ ಹುಬ್ಬಳ್ಳಿ ಮಾರ್ಗದಲ್ಲಿ ಬಂದವರು, ಕಡೂರಿನ ಹಳ್ಳಿಗಳಿಂದ ಬಸ್ಸಿಳಿದು ಓಡೋಡಿ ಬಂದವರು. ಎಲ್ಲರ ಮುಖವೂ ಬೆಂಗಳೂರಿನತ್ತ. ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ಹೋಗಿ. ಕಲಿಯಿರಿ. ದುಡಿಯಿರಿ. ಆದರೆ ನಿಮ್ಮಲ್ಲಿ ಕೆಲವರಾದರೂ ಒಂದು ವಿದ್ಯೆಯನ್ನು ಕಲಿತು ಊರಿಗೆ ವಾಪಸು ಬನ್ನಿ ಎಂದು ಕೇಳಿಕೊಳ್ಳುವುದಕ್ಕೆ ಇದನ್ನು ಬರೆಯುತ್ತಿದ್ದೇನೆ. ಆ ವಿದ್ಯೆಗಾಗಿ ಕಡೂರು ಕಾದಿದೆ, ತರೀಕೆರೆ ಕಾದಿದೆ, ಅಜ್ಜಂಪುರ ಕಾದಿದೆ. ಎಲ್ಲರಿಗಿಂತ ಹೆಚ್ಚು ಕಾದಿರುವವರು ಬಾಯಿಬಿಟ್ಟು ಕೇಳಲಾರದವರು, ನಮ್ಮ ಮಕ್ಕಳು.

ಮನಸ್ಸಿಗೆ ಆಘಾತವಾದ ಮಕ್ಕಳ ಜೊತೆ, ಹದಿಹರೆಯದವರ ಜೊತೆ ಕೆಲಸ ಮಾಡುವ ವಿದ್ಯೆ ಅದು. ಸಾವು, ಹೊಡೆತ, ಲೈಂಗಿಕ ದೌರ್ಜನ್ಯ, ಕುಡಿತದ ಮನೆ, ಬಾಲ್ಯವಿವಾಹ, ಊರು ಬಿಟ್ಟು ಊರಿಗೆ ಅಲೆಯುವ ಕೂಲಿ ಬದುಕು, ಇವೆಲ್ಲ ಮಗುವಿನೊಳಗೆ ಏನು ಮಾಡಿಹೋಗುತ್ತವೆ ಎಂಬುದನ್ನು ಅರಿತು, ಆ ಮಗು ಮತ್ತೆ ನಗುವಂತೆ, ನಂಬುವಂತೆ, ಓದುವಂತೆ, ಆಡುವಂತೆ ಮಾಡಬಲ್ಲ ವಿದ್ಯೆ. ಇದಕ್ಕೆ ಶಾಸ್ತ್ರವಿದೆ, ಪಾಠವಿದೆ, ಪದವಿಯಿದೆ, ಪಳಗಿದ ಗುರುಗಳಿದ್ದಾರೆ. ನಮ್ಮಲ್ಲಿ ಇಲ್ಲದಿರುವುದು ಅದನ್ನು ಕಲಿತ ನಮ್ಮೂರಿನವರು.

ಏಳನೇ ತರಗತಿಯ ಒಬ್ಬ ಹುಡುಗನನ್ನು ಕಣ್ಣ ಮುಂದೆ ತಂದುಕೊಳ್ಳಿ. ಬಯಲುಸೀಮೆಯ ಯಾವ ಹಳ್ಳಿಯಾದರೂ ಸರಿ. ಕೊರೆಸಿದ ಬೋರ್‌ವೆಲ್‌ನಲ್ಲಿ ನೀರು ಬರಲಿಲ್ಲ, ತೆಂಗಿನ ತೋಟ ಒಣಗಿತು, ಸಾಲ ಏರಿತು, ಒಂದು ಬೆಳಗ್ಗೆ ಅಪ್ಪ ಇಲ್ಲವಾದ. ತಿಥಿ ಮುಗಿಯಿತು, ಪರಿಹಾರದ ಅರ್ಜಿ ಕಚೇರಿಯಿಂದ ಕಚೇರಿಗೆ ಹೋಯಿತು, ಹುಡುಗ ಮತ್ತೆ ಶಾಲೆಗೆ ಬಂದ. ಈಗ ಅವನು ಬಾಗಿಲ ಪಕ್ಕದ ಬೆಂಚನ್ನು ಬಿಟ್ಟು ಬೇರೆಲ್ಲೂ ಕೂರುವುದಿಲ್ಲ. ಯಾರದೋ ಜಾಮಿಟ್ರಿ ಬಾಕ್ಸ್ ನೆಲಕ್ಕೆ ಬಿದ್ದರೆ ಬೆಚ್ಚಿಬೀಳುತ್ತಾನೆ. ಬಿಸಿಯೂಟದ ಸಾಲಿನಲ್ಲಿ ಯಾರೋ ತಾಗಿದರೆಂದು ಕೈ ಮಾಡುತ್ತಾನೆ. ಗಣಿತದ ಪೀರಿಯಡ್ಡಿನಲ್ಲಿ ಕಣ್ಣು ತೆರೆದೇ ಇರುತ್ತದೆ, ಹುಡುಗ ಮಾತ್ರ ಅಲ್ಲಿರುವುದಿಲ್ಲ. ಸೊಕ್ಕು ಬಂದಿದೆ ಎನ್ನುತ್ತಾರೆ ಮೇಷ್ಟ್ರು. ದೃಷ್ಟಿಯಾಗಿದೆ ಎಂದು ಅಜ್ಜಿ ನಿವಾಳಿಸುತ್ತಾಳೆ. ಗಂಡುಮಗ ಅಳಬಾರದು ಎಂದು ಮಾವ ಬೆನ್ನು ತಟ್ಟುತ್ತಾನೆ. ಇವರಲ್ಲಿ ಕೆಟ್ಟವರು ಯಾರಿದ್ದಾರೆ? ಒಬ್ಬರೂ ಇಲ್ಲ. ಎಲ್ಲರಿಗೂ ಅವನ ಮೇಲೆ ಪ್ರೀತಿಯಿದೆ. ಆದರೆ ಆ ಹುಡುಗನ ಮೈ ಇನ್ನೂ ಆ ಬೆಳಗ್ಗೆಯಲ್ಲೇ ನಿಂತುಬಿಟ್ಟಿದೆ ಎಂಬುದು ಒಬ್ಬರಿಗೂ ಗೊತ್ತಿಲ್ಲ.

ಹಾಸ್ಟೆಲ್ಲಿನಲ್ಲಿರುವ ಒಬ್ಬ ಹುಡುಗಿಯನ್ನೂ ನೆನೆದುಕೊಳ್ಳಿ. ದಸರಾ ರಜೆ ಬಂದಿದೆ, ಎಲ್ಲರೂ ಟ್ರಂಕು ಹೊತ್ತು ಊರಿಗೆ ಹೊರಟಿದ್ದಾರೆ, ಇವಳೊಬ್ಬಳು ಮನೆಗೆ ಒಲ್ಲೆ ಎನ್ನುತ್ತಾಳೆ. ಓದಿನ ಹುಚ್ಚು ಎಂದು ಎಲ್ಲರೂ ಮೆಚ್ಚಿಕೊಳ್ಳುತ್ತಾರೆ. ಯಾಕಮ್ಮ ಎಂದು ಕೇಳುವವರಿಲ್ಲ. ಕೇಳುವವರಿದ್ದರೂ ಹೇಗೆ ಕೇಳಬೇಕೆಂದು ಬಲ್ಲವರಿಲ್ಲ.

ಇಂಥ ಮಕ್ಕಳು ಅಪರೂಪವೇ? 2015–16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವಯಸ್ಸಿನವರಲ್ಲಿ ಶೇ 7.3ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆಯಿತ್ತು. ಐವತ್ತು ಮಕ್ಕಳ ಒಂದು ಹೈಸ್ಕೂಲ್ ಸೆಕ್ಷನ್ನಿನಲ್ಲಿ ಮೂರೋ ನಾಲ್ಕೋ ಮಕ್ಕಳೆಂದಾಯಿತು. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ವರದಿಗಾಗಿ 13 ರಾಜ್ಯಗಳಲ್ಲಿ 12,447 ಮಕ್ಕಳನ್ನು ಮಾತಾಡಿಸಿದಾಗ ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದಾಗಿ ಹೇಳಿದರು. ಮೂವರಲ್ಲಿ ಇಬ್ಬರು ಹೊಡೆತ ತಿಂದಿದ್ದರು. ಆ ವರದಿ ಬಂದು ಎಷ್ಟು ವರ್ಷವಾಯಿತು! ಅಂದು ಹುಟ್ಟಿದ ಕೂಸುಗಳು ಇಂದು ನಮ್ಮ ಪದವಿ ಕಾಲೇಜುಗಳಲ್ಲಿ ಕುಳಿತಿವೆ. ಅವರಲ್ಲೇ ಒಬ್ಬರು ನೀವಿರಬಹುದು.

ಮನಸ್ಸಿಗೆ ಬಿದ್ದ ಪೆಟ್ಟು ಮನಸ್ಸಿನಲ್ಲಷ್ಟೇ ಉಳಿಯುವುದಿಲ್ಲ ಎಂಬುದನ್ನು ಜಗತ್ತು ಕಂಡುಕೊಂಡು ಕಾಲು ಶತಮಾನ ದಾಟಿದೆ. ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ ವಿನ್ಸೆಂಟ್ ಫೆಲಿಟ್ಟಿ ಮತ್ತು ರಾಬರ್ಟ್ ಆಂಡಾ ಎಂಬ ವೈದ್ಯರು ಸಾವಿರಾರು ವಯಸ್ಕರ ಬಾಲ್ಯವನ್ನು ಕೆದಕಿ ನೋಡಿ, 1998ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬಾಲ್ಯದಲ್ಲಿ ಉಂಡ ನೋವು ಹೆಚ್ಚಿದಷ್ಟೂ ದೊಡ್ಡವರಾದ ಮೇಲೆ ಕುಡಿತ, ಖಿನ್ನತೆ, ಆತ್ಮಹತ್ಯೆಯ ಯತ್ನ ಮಾತ್ರವಲ್ಲ, ಹೃದ್ರೋಗದಂಥ ಮೈಯ ಕಾಯಿಲೆಗಳೂ ಹೆಚ್ಚಿದ್ದವು. ಕಾರಣ ತಿಳಿಯಲಾರದಷ್ಟು ಗೂಢವೇನಲ್ಲ. ಅಪಾಯ ಬಂದಾಗ ಮಿದುಳು ಎಚ್ಚರಿಕೆಯ ಗಂಟೆ ಹೊಡೆಯುತ್ತದೆ, ಎದೆ ಬಡಿದುಕೊಳ್ಳುತ್ತದೆ, ಸ್ನಾಯು ಬಿಗಿಯುತ್ತದೆ, ಮೈ ಹೋರಾಟಕ್ಕೋ ಓಟಕ್ಕೋ ಸಜ್ಜಾಗುತ್ತದೆ. ಎರಡೂ ಆಗದಿದ್ದರೆ ಮರಗಟ್ಟಿ ನಿಲ್ಲುತ್ತದೆ. ಅಪಾಯ ಕಳೆದ ಮೇಲೆ ಗಂಟೆ ನಿಲ್ಲಬೇಕು. ದಿನದಿನವೂ ಹೆದರಿ ಬೆಳೆದ ಮಗುವಿನಲ್ಲಿ ಅದು ನಿಲ್ಲುವುದೇ ಇಲ್ಲ. ಹಾಗೆ ಸದಾ ಕಾವಲು ಕಾಯುವ ಮಿದುಳಿಗೆ ಮಗ್ಗಿ ಕಲಿಯಲು ಬಿಡುವೆಲ್ಲಿ? ಆ ಮಗುವನ್ನು ದಡ್ಡ ಎಂದು ಕರೆಯುತ್ತೇವೆ. ಒರಟು ಎಂದು ಕರೆಯುತ್ತೇವೆ. ಟಿಸಿ ಕೊಟ್ಟು ಕಳಿಸುತ್ತೇವೆ.

ಇದನ್ನು ಅರ್ಥಮಾಡಿಕೊಳ್ಳಲು ಅಜ್ಜಂಪುರದವರು ದೂರ ಹೋಗಬೇಕಿಲ್ಲ. ಮೈಸೂರು ಅರಸರ ಕಾಲದ ದನಗಳ ಇಲಾಖೆ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಆಗಿ, ಇಂದಿಗೂ ಆ ದನದ ತಳಿ ನಿಮ್ಮೂರಿನ ಕೇಂದ್ರದಲ್ಲಿ, ನಮ್ಮ ಸೀಮೆಯ ಕಾವಲುಗಳಲ್ಲಿ ಉಳಿದುಬಂದಿದೆ. ಬಯಲಲ್ಲಿ ಬೆಳೆದ ಅಮೃತ ಮಹಲ್ ಕರುವನ್ನು ಪಳಗಿಸುವವರನ್ನು ಕೇಳಿ ನೋಡಿ. ಬೆದರಿದ ಕರುವಿನ ಎದುರಿಗೆ ಕೋಲು ಹಿಡಿದು ನಿಂತರೆ ಅದು ಹಾಯುತ್ತದೆ, ಇಲ್ಲವೇ ಹಗ್ಗ ಹರಿದು ಓಡುತ್ತದೆ. ದನಿ ಪರಿಚಯವಾಗಬೇಕು, ಕೈಯ ವಾಸನೆ ಪರಿಚಯವಾಗಬೇಕು, ದಿನವೂ ಅದೇ ಹೊತ್ತಿಗೆ ಅದೇ ಮನುಷ್ಯ ಬರಬೇಕು. ರಾಸುಗಳ ವಿಷಯದಲ್ಲಿ ನಮ್ಮ ಹಿರಿಯರಿಗೆ ಇಷ್ಟೆಲ್ಲ ತಿಳಿದಿತ್ತು. ನಮ್ಮ ಮಕ್ಕಳ ವಿಷಯದಲ್ಲಿ ನಾವು ಇಷ್ಟಾದರೂ ತಿಳಿಯಬೇಡವೇ?

ಪ್ರೀತಿ ಇದ್ದರೆ ಸಾಕು, ತರಬೇತಿ ಯಾಕೆ ಎಂದು ಕೇಳುವವರಿದ್ದಾರೆ. ಪ್ರೀತಿ ಬೇಕೇ ಬೇಕು. ಆದರೆ ಹೆರಿಗೆ ಮಾಡಿಸಲು ಪ್ರೀತಿಯೊಂದೇ ಸಾಕೇ? ಮುರಿದ ಕಾಲು ಕೂಡಿಸಲು ಸಾಕೇ? ತಿಳಿವಳಿಕೆಯಿಲ್ಲದ ಪ್ರೀತಿ ಆಘಾತವಾದ ಮಗುವಿನ ವಿಷಯದಲ್ಲಿ ಎಷ್ಟೋ ಸಲ ಇನ್ನೊಂದು ಪೆಟ್ಟು ಕೊಟ್ಟುಬಿಡುತ್ತದೆ. ‘ಮೊದಲೇ ಯಾಕೆ ಹೇಳಲಿಲ್ಲ?’ ಎಂಬ ಒಂದೇ ಪ್ರಶ್ನೆ ತಪ್ಪನ್ನೆಲ್ಲ ಮಗುವಿನ ತಲೆಗೆ ಕಟ್ಟುತ್ತದೆ. ‘ಯಾರಿಗೂ ಹೇಳಲ್ಲ, ನನ್ನ ಹತ್ರ ಹೇಳು’ ಎಂದು ಮಾತು ಕೊಟ್ಟವರು ನಾಳೆ ಕಾನೂನಿನಂತೆ ಪೊಲೀಸರಿಗೆ ತಿಳಿಸಲೇಬೇಕಾಗಿ ಬಂದಾಗ, ಮಗುವಿಗೆ ಉಳಿದಿದ್ದ ಕೊನೆಯ ನಂಬಿಕೆಯೂ ಮುರಿಯುತ್ತದೆ. ‘ಎಲ್ಲ ಮರೆತುಬಿಡು ಪುಟ್ಟಾ’ ಎನ್ನುವುದು ಸುಲಭ. ಮರೆಯಲಾರದೇ ತಾನೇ ಆ ಮಗು ಒದ್ದಾಡುತ್ತಿರುವುದು?

ತರಬೇತಿಯಲ್ಲಿ ಏನು ಕಲಿಸುತ್ತಾರೆ? ಕೂರುವುದನ್ನು ಕಲಿಸುತ್ತಾರೆ. ನಗಬೇಡಿ, ನಿಜವಾಗಿ ಮೊದಲ ಪಾಠ ಅಲ್ಲಿಂದಲೇ. ಮಗುವಿಗೂ ಬಾಗಿಲಿಗೂ ನಡುವೆ ಕೂರಬಾರದು. ಅದಕ್ಕೆ ಬೇಕೆನಿಸಿದಾಗ ಎದ್ದು ಹೋಗುವ ದಾರಿ ಕಾಣುತ್ತಿರಬೇಕು. ಎತ್ತರದ ಕುರ್ಚಿಯಲ್ಲಿ ಕುಳಿತು ಕೆಳಗೆ ನೋಡಬಾರದು. ಬೇಕಾದರೆ ಚಾಪೆ ಹಾಸಿ ನೆಲದ ಮೇಲೆ ಕೂರಬೇಕು. ಕೇಳದೆ ಮುಟ್ಟಬಾರದು, ತಲೆ ಸವರುವುದಕ್ಕೂ ಕೇಳಬೇಕು. ಆಮೇಲೆ ಪ್ರಶ್ನೆ ಕೇಳುವುದನ್ನು ಕಲಿಸುತ್ತಾರೆ. ‘ಅವನು ಹೀಗೆ ಮಾಡಿದನಾ?’ ಎಂದರೆ ಉತ್ತರವನ್ನು ನಾವೇ ಮಗುವಿನ ಬಾಯಿಗೆ ತುರುಕಿದಂತೆ. ‘ಆಮೇಲೆ ಏನಾಯ್ತು?’ ಎಂದರೆ ಮಾತು ಮಗುವಿನದೇ. ಮೂವರು ಮೂವರಾಗಿ ಕುಳಿತು ಒಬ್ಬರು ಮಗುವಾಗಿ, ಒಬ್ಬರು ಸಹಾಯಕರಾಗಿ, ಒಬ್ಬರು ನೋಡುವವರಾಗಿ ಅಭಿನಯಿಸುತ್ತಾರೆ. ಆ ಆಟದಲ್ಲಿ ದೊಡ್ಡವರೇ ಗದ್ಗದರಾಗುವುದುಂಟು. ತಮ್ಮೊಳಗಿನ ಹಳೆಯ ಮಗು ಅಲ್ಲಿ ಎದ್ದು ಕೂರುತ್ತದೆ.

ಮಾತಾಡಲಾರದ ಮಗುವಿನ ಮುಂದೆ ಒಂದು ದೊಡ್ಡ ಕಾಗದ ಹಾಸುತ್ತಾರೆ. ಅದರ ಮೇಲೆ ಮನುಷ್ಯನ ಮೈಯ ಗೆರೆ. ಬಣ್ಣದ ಕ್ರೇಯಾನ್ ಕೈಗೆ ಕೊಟ್ಟು, ಹೆದರಿಕೆ ಎಲ್ಲಿದೆ ತೋರಿಸು, ಸಿಟ್ಟು ಎಲ್ಲಿದೆ ತೋರಿಸು ಎನ್ನುತ್ತಾರೆ. ಒಂದು ಮಗು ಹೊಟ್ಟೆಯ ಜಾಗಕ್ಕೆ ಕಪ್ಪು ಬಳಿಯುತ್ತದೆ, ಇನ್ನೊಂದು ಗಂಟಲಿಗೆ ಕೆಂಪು ಗೆರೆ ಎಳೆಯುತ್ತದೆ. ವೈದ್ಯರ ಬಳಿಗೆ ಹತ್ತು ಸಲ ಕರೆದುಕೊಂಡು ಹೋದರೂ ಕಾರಣ ಸಿಗದಿದ್ದ ಹೊಟ್ಟೆನೋವು ಆ ಕಾಗದದ ಮೇಲೆ ಬಂದು ಕೂರುತ್ತದೆ. ಗೊಂಬೆಯಾಟ, ಕತೆ, ಮಣ್ಣಿನ ಆಟ, ನಾಟಕ, ಉಸಿರಾಟದ ಅಭ್ಯಾಸ, ಎಲ್ಲಕ್ಕೂ ಇಲ್ಲಿ ಕ್ರಮವಿದೆ, ಕಾರಣವಿದೆ. ಜುಡಿತ್ ಕೋಹೆನ್, ಆಂಥನಿ ಮನ್ನಾರಿನೊ, ಎಸ್ತರ್ ಡೆಬ್ಲಿಂಜರ್ ಎಂಬ ಮೂವರು ರೂಪಿಸಿ ಇಂದು ಜಗತ್ತಿನ ಹಲವೆಡೆ ಬಳಸುವ ಚಿಕಿತ್ಸಾ ಕ್ರಮವೊಂದಿದೆ. ಅದರಲ್ಲಿ ಮಗು ತನಗಾದದ್ದನ್ನು ಹೇಳಿಕೊಳ್ಳುವ ಘಟ್ಟ ಮೊದಲಿಗೆ ಬರುವುದಿಲ್ಲ, ನಡುವೆ ಬರುತ್ತದೆ. ಮೊದಲು ಸುರಕ್ಷತೆ, ಆಮೇಲೆ ಹೆದರಿಕೆ ಬಂದಾಗ ಮೈಯನ್ನು ಸಮಾಧಾನಕ್ಕೆ ತಂದುಕೊಳ್ಳುವ ಬಗೆ, ಆಮೇಲೆ ಕತೆ. ಪೋಷಕರಿಗೂ ಜೊತೆಜೊತೆಗೇ ಪಾಠ. ವಾರಕ್ಕೊಂದು ಭೇಟಿಯಂತೆ ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳ ಕೆಲಸ. ಇಷ್ಟೇ ತಿಂಗಳುಗಳಲ್ಲಿ ಒಂದು ಮಗುವಿನ ಮುಂದಿನ ಐವತ್ತು ವರ್ಷಗಳ ದಿಕ್ಕು ಬದಲಾಗಬಹುದಾದರೆ, ಗೆಳೆಯರೇ, ಇದಕ್ಕಿಂತ ದೊಡ್ಡ ಕಸುಬು ಯಾವುದಿದೆ?

ಈ ಕಸುಬು ಕನ್ನಡ ನಾಡಿಗೆ ಪರದೇಶಿಯಲ್ಲ. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. ಡಾ. ಎಂ.ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. ಮರುವರ್ಷವೇ ಅಲ್ಲಿ ಮನಶ್ಶಾಸ್ತ್ರಜ್ಞರನ್ನು ತಯಾರು ಮಾಡುವ ಡಿಪ್ಲೊಮಾ ಆರಂಭವಾಯಿತು. 1974ರಲ್ಲಿ ಆ ಸಂಸ್ಥೆಯೇ ನಿಮ್ಹಾನ್ಸ್ ಆಯಿತು. 1981ರ ಫೆಬ್ರವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು ತೊಂಬತ್ತಕ್ಕೂ ಹೆಚ್ಚು ಮಂದಿ, ಅವರಲ್ಲಿ ಬಹುಪಾಲು ಮಕ್ಕಳೇ, ಪ್ರಾಣ ಬಿಟ್ಟರು. ಆಗ ಮಕ್ಕಳನ್ನು ಕಳೆದುಕೊಂಡ ಮನೆಗಳ ಶೋಕವನ್ನು ಕೂತು ಕೇಳಿ ಅಧ್ಯಯನ ಮಾಡಿದವರು ಈ ಸಂಸ್ಥೆಯವರು. 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಯಲ್ಲಿ ಸ್ಥಳೀಯ ಕಾರ್ಯಕರ್ತರಿಗೆ ಮನಸ್ಸಿನ ಆರೈಕೆಯ ತರಬೇತಿ ಕೊಡಲು ಹೋದವರಲ್ಲಿಯೂ ನಿಮ್ಹಾನ್ಸ್‌ನವರಿದ್ದರು. 2020ರಲ್ಲಿ ಕೇಂದ್ರ ಸರ್ಕಾರದ ನೆರವಿನಿಂದ ಇದೇ ಸಂಸ್ಥೆಯಲ್ಲಿ ‘ಸಂವಾದ್’ ಎಂಬ ರಾಷ್ಟ್ರೀಯ ಕೇಂದ್ರ ಆರಂಭವಾಗಿ, ಸಂಕಷ್ಟದಲ್ಲಿರುವ ಮಕ್ಕಳ ಜೊತೆ ಕೆಲಸ ಮಾಡುವ ಶಿಕ್ಷಕರಿಂದ ಹಿಡಿದು ನ್ಯಾಯಾಂಗದವರವರೆಗೆ ದೇಶದುದ್ದಕ್ಕೂ ತರಬೇತಿ ಕೊಡುತ್ತಿದೆ. ಮಕ್ಕಳ ಮನೋವೈದ್ಯ ಡಾ. ಶೇಖರ್ ಶೇಷಾದ್ರಿ ಮತ್ತು ಅವರ ಜೊತೆಗಾರರು ಕಟ್ಟಿದ ಕೆಲಸವಿದು. ಇಡೀ ದೇಶ ನಮ್ಮ ರಾಜಧಾನಿಗೆ ಬಂದು ಕಲಿಯುತ್ತಿದೆ. ಕಡೂರಿನಿಂದ ರೈಲಿನಲ್ಲಿ ಕೆಲವೇ ಗಂಟೆಗಳ ದಾರಿ. ನಾವೇಕೆ ಹೋಗಿಲ್ಲ?

ದೊಡ್ಡ ಸಂಸ್ಥೆ ದೊಡ್ಡ ಊರಿನಲ್ಲಿ, ನಮ್ಮಂಥ ತಾಲ್ಲೂಕುಗಳಲ್ಲಿ ಇದೆಲ್ಲ ನಡೆಯುವ ಮಾತೇ ಎನ್ನಬೇಡಿ. ಬಳ್ಳಾರಿಯನ್ನು ನೋಡಿ. ಆನೇಕಲ್ ಸಮೀಪದ ಸಕಲವಾರದಲ್ಲಿ ನಿಮ್ಹಾನ್ಸ್ 1970ರ ದಶಕದಲ್ಲಿ ಒಂದು ಗ್ರಾಮೀಣ ಕೇಂದ್ರ ತೆರೆದು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಹಳ್ಳಿ ಸುತ್ತುವ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆ ಗುರುತಿಸುವುದನ್ನು ಕಲಿಸಿತು. 1985ರಲ್ಲಿ ಆ ಪ್ರಯೋಗ ಬಿಸಿಲನಾಡು ಬಳ್ಳಾರಿಗೆ, ಇಡೀ ಜಿಲ್ಲೆಗೆ ಹಬ್ಬಿತು. ಆ ಜಿಲ್ಲೆಯ ಸಾಮಾನ್ಯ ವೈದ್ಯರು, ನರ್ಸುಗಳು, ಕಾರ್ಯಕರ್ತರು ಮಾಡಿ ತೋರಿಸಿದ ಕೆಲಸವೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೆ ಮಾದರಿಯಾಯಿತು. ಬಳ್ಳಾರಿಗೆ ಸಾಧ್ಯವಾದದ್ದು ಬಯಲು, ಮಲೆನಾಡು ಎರಡನ್ನೂ ಬಲ್ಲ ನಮಗೆ ಅಸಾಧ್ಯವೇ? ಬಳ್ಳಾರಿ ದೊಡ್ಡವರ ಕಾಯಿಲೆಗಳಿಗೆ ದಾರಿ ತೋರಿಸಿತು. ಮಕ್ಕಳ ನೋವಿಗೆ ದಾರಿ ತೋರಿಸುವ ತಾಲ್ಲೂಕುಗಳು ನಮ್ಮವಾಗಬಾರದೇ?

ನಿಮ್ಮನ್ನೇ ಯಾಕೆ ಕರೆಯುತ್ತಿದ್ದೇನೆ? ನೀವು ಆ ಮಗುವಿನ ಮಾತು ಬಲ್ಲಿರಿ. ಬೆಂಗಳೂರಿನ ಪರಿಣತರು ಎಷ್ಟೇ ದೊಡ್ಡವರಿರಲಿ, ಯಗಟಿಯ ಹುಡುಗನೊಬ್ಬ ‘ಎದೆ ಧಸಕ್ ಅಂತೈತೆ’ ಎಂದಾಗ ಅದರ ತೂಕ ತಟ್ಟನೆ ತಿಳಿಯುವುದು ನಿಮಗೆ. ತರೀಕೆರೆ ಕಡೆಯ ತಾಂಡಾದ ಹುಡುಗಿ ಅಳುವಾಗ ಮನೆಮಾತಿನಲ್ಲೇ ಅಳುತ್ತಾಳೆ. ಆ ಮಾತಿನಲ್ಲೇ ಸಮಾಧಾನ ಹೇಳಬಲ್ಲವಳು ಲಂಬಾಣಿ ಮನೆಯಲ್ಲಿ ಹುಟ್ಟಿ ಈಗ ಬಿ.ಎ. ಓದುತ್ತಿರುವ ಇನ್ನೊಬ್ಬ ಹುಡುಗಿ. ಬೀರೂರಿನ ಮಗು ಉರ್ದುವಿನಲ್ಲಿ ಕನವರಿಸಿದರೆ ಅದನ್ನು ಕೇಳಬಲ್ಲ ಕಿವಿ ನಮ್ಮಲ್ಲೇ ಇದೆ. ಅಡಿಕೆ ಸುಲಿಯಲು ಹೋಗುವ ಅಮ್ಮ ಎಷ್ಟು ಹೊತ್ತಿಗೆ ಮನೆಗೆ ಬರುತ್ತಾಳೆ, ಈರುಳ್ಳಿ ಬೆಲೆ ಬಿದ್ದ ವರ್ಷ ಮನೆಯೊಳಗೆ ಏನೇನು ನಡೆಯುತ್ತದೆ, ಕಾಫಿ ತೋಟದ ಕೂಲಿಗೆ ಘಟ್ಟ ಹತ್ತಿದ ಸಂಸಾರದ ಮಕ್ಕಳು ವರ್ಷಕ್ಕೆ ಎಷ್ಟು ಶಾಲೆ ಬದಲಾಯಿಸುತ್ತಾರೆ, ಜಾತ್ರೆಯಲ್ಲಿ ಯಾರ ಮನೆಯ ಹುಡುಗಿಯ ಮದುವೆ ಮಾತು ಎಷ್ಟು ಬೇಗ ಕುದುರುತ್ತದೆ, ಇದನ್ನೆಲ್ಲ ಯಾವ ಪಠ್ಯಪುಸ್ತಕವೂ ಹೇಳುವುದಿಲ್ಲ. ನಿಮಗೆ ಗೊತ್ತಿದೆ. ನಿಮ್ಮ ಹುಟ್ಟಿನಲ್ಲೇ ಆ ವಿದ್ಯೆಯ ಅರ್ಧ ಇದೆ. ಇನ್ನರ್ಧವನ್ನು ಕಲಿತು ಬನ್ನಿ.

ಕಾನೂನು ಕೂಡ ನಿಮಗಾಗಿ ಬಾಗಿಲು ತೆರೆದಿದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೊ ಕಾಯ್ದೆ ಏನು ಹೇಳುತ್ತದೆ? ನೊಂದ ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲೋ ಅದು ಬಯಸಿದ ಕಡೆಯಲ್ಲೋ ಪಡೆಯಬೇಕು. ಪಡೆಯುವ ಪೊಲೀಸರು ಸಮವಸ್ತ್ರದಲ್ಲಿರಬಾರದು. ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳಬಾರದು. ಸಾಕ್ಷಿ ಹೇಳಲು ಮತ್ತೆ ಮತ್ತೆ ಕರೆಯಬಾರದು. ಆರೋಪಿಯ ಮುಖ ಮಗುವಿನ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಬೇಕು. ಈ ಮಾತುಗಳನ್ನು ಬರೆದವರಿಗೆ ಮಗುವಿನ ಹೆದರಿಕೆ ಏನೆಂದು ತಿಳಿದಿತ್ತು. ಕಾನೂನಿನ ಅಕ್ಷರಕ್ಕೆ ಜೀವ ಬರುವುದು ಅದನ್ನು ನಡೆಸುವ ಮನುಷ್ಯರಿಂದ. 2020ರ ಪೋಕ್ಸೊ ನಿಯಮಗಳು ತನಿಖೆಯಿಂದ ತೀರ್ಪಿನವರೆಗೆ ಮಗುವಿನ ಜೊತೆ ನಿಲ್ಲುವ ‘ಬೆಂಬಲ ವ್ಯಕ್ತಿ’ಯನ್ನು ಮಕ್ಕಳ ಕಲ್ಯಾಣ ಸಮಿತಿ ಒದಗಿಸಬಹುದು ಎನ್ನುತ್ತವೆ. 2023ರಲ್ಲಿ ಸುಪ್ರೀಂ ಕೋರ್ಟ್ ಈ ನೇಮಕವನ್ನೂ ಅವರ ತರಬೇತಿಯನ್ನೂ ಗಂಭೀರವಾಗಿ ತೆಗೆದುಕೊಳ್ಳುವಂತೆ ಸೂಚಿಸಿತು. ಕೋರ್ಟಿನ ಮೆಟ್ಟಿಲ ಬಳಿ ನಡುಗುತ್ತ ನಿಂತ ಹನ್ನೆರಡು ವರ್ಷದ ಹುಡುಗಿಯ ಪಕ್ಕದಲ್ಲಿ ಯಾರು ನಿಲ್ಲಬೇಕು? ಅವಳ ಊರು ಬಲ್ಲ, ಅವಳ ಮಾತು ಬಲ್ಲ, ಅವಳ ನಡುಕ ಏನೆಂದು ಬಲ್ಲ ಒಬ್ಬ ಅಕ್ಕ ನಿಲ್ಲಬೇಕು.

ಕಡೂರಿನಲ್ಲಿ ಪೊಲೀಸ್ ತರಬೇತಿ ಶಾಲೆಯಿದೆ. ಹೊಸ ಪೊಲೀಸರು ಅಲ್ಲಿ ಕವಾಯತು, ಕಾನೂನು ಕಲಿತು ಠಾಣೆಗಳಿಗೆ ಹೋಗುತ್ತಾರೆ. ಹೆದರಿದ ಮಗು ಎದುರಿಗೆ ಬಂದಾಗ ದನಿ ಹೇಗೆ ತಗ್ಗಿಸಬೇಕು, ಮೊದಲ ಪ್ರಶ್ನೆ ಯಾವುದಿರಬೇಕು ಎಂಬ ಪಾಠವನ್ನು ಅವರಿಗೆ ಕಡೂರಿನದೇ ಒಬ್ಬ ತರಬೇತಾದ ಮಗಳು ನಿಂತು ಮಾಡುವ ದಿನವನ್ನು ನಾನು ಕಾಣುತ್ತಿದ್ದೇನೆ. ಅದು ಬರಿಯ ಕನಸಲ್ಲ. ಆ ಮಗಳು ಈಗ ಪಿಯುಸಿಯಲ್ಲಿರಬಹುದು. ಈ ಸಾಲು ಓದುತ್ತಿರಬಹುದು.

ದಾರಿ ಹೇಗೆ? ಪಿಯುಸಿಯಲ್ಲಿ ಯಾವ ವಿಭಾಗವಾದರೂ ಬಾಗಿಲು ಮುಚ್ಚಿಲ್ಲ. ಬಿ.ಎ.ಯಲ್ಲಿ ಮನಶ್ಶಾಸ್ತ್ರ, ಇಲ್ಲವೇ ಬಿಎಸ್‌ಡಬ್ಲ್ಯು. ಆಮೇಲೆ ಎಂಎಸ್‌ಡಬ್ಲ್ಯು ಅಥವಾ ಮನಶ್ಶಾಸ್ತ್ರದ ಸ್ನಾತಕೋತ್ತರ ಪದವಿ. ನಮ್ಮ ಲಕ್ಕವಳ್ಳಿಗೆ ಕೂಗಳತೆಯ ಶಂಕರಘಟ್ಟದಲ್ಲೇ 1987ರಲ್ಲಿ ಹುಟ್ಟಿದ ಕುವೆಂಪು ವಿಶ್ವವಿದ್ಯಾಲಯವಿದೆ. ಅದರ ಮೇಲಿನ ಉನ್ನತ ತರಬೇತಿಗೆ, ಅಂದರೆ ಚಿಕಿತ್ಸಾ ಮನಶ್ಶಾಸ್ತ್ರ ಮತ್ತು ಮನೋವೈದ್ಯಕೀಯ ಸಮಾಜಕಾರ್ಯಕ್ಕೆ, ಬೆಂಗಳೂರಿನ ನಿಮ್ಹಾನ್ಸ್ ಇದೆ, ಧಾರವಾಡದ ಡಿಮ್ಹಾನ್ಸ್ ಇದೆ. ನರ್ಸಿಂಗ್ ಓದುತ್ತಿರುವ ತಂಗಿಯರಿಗೆ ಮನೋವೈದ್ಯಕೀಯ ಶುಶ್ರೂಷೆಯ ದಾರಿಯಿದೆ. ಈಗಾಗಲೇ ಶಿಕ್ಷಕರಾಗಿರುವವರಿಗೆ, ಅಂಗನವಾಡಿ, ಆಶಾ ಕಾರ್ಯಕರ್ತೆಯರಿಗೆ ಇದೇ ವಿದ್ಯೆಯ ಮೊದಲ ಮೆಟ್ಟಿಲುಗಳಿವೆ. ಎಲ್ಲರೂ ಚಿಕಿತ್ಸಕರಾಗಬೇಕಿಲ್ಲ. ಗುರುತಿಸುವವರು ನೂರು ಜನ ಬೇಕು, ಕೈಹಿಡಿದು ನಡೆಸುವವರು ಹತ್ತಾರು ಜನ ಬೇಕು, ಆಳವಾದ ಗಾಯಕ್ಕೆ ಚಿಕಿತ್ಸೆ ಮಾಡಬಲ್ಲವರು ನಾಲ್ಕೈದು ಜನವಾದರೂ ಬೇಕು. ಒಂದು ಎಚ್ಚರಿಕೆಯನ್ನು ಮಾತ್ರ ಖಡಾಖಂಡಿತವಾಗಿ ಹೇಳಬೇಕು. ಎರಡು ದಿನದ ಆನ್‌ಲೈನ್ ಸರ್ಟಿಫಿಕೇಟು ಹಿಡಿದು ಮಕ್ಕಳ ಮನಸ್ಸಿನ ತಜ್ಞರೆಂದು ಬೋರ್ಡು ಹಾಕಿಕೊಳ್ಳಬೇಡಿ. ಮಗುವಿನ ಗಾಯವನ್ನು ಬಿಚ್ಚಿ, ಮುಚ್ಚಲು ಬಾರದೆ ಬಿಟ್ಟುಹೋಗುವುದು ಮಹಾಪಾಪ. ಹಿರಿಯರ ಮೇಲ್ವಿಚಾರಣೆಯಲ್ಲಿ ವರ್ಷಗಟ್ಟಲೆ ಕಲಿಯಿರಿ. ಕಲಿತ ಮೇಲೂ ಕಲಿಯುತ್ತಲೇ ಇರಿ.

ಈ ದಾರಿ ಸುಲಭ ಎಂದು ಸುಳ್ಳು ಹೇಳಲಾರೆ. ದಿನವೂ ಮಕ್ಕಳ ನೋವು ಕೇಳುವವರ ನಿದ್ದೆ ಕೆಡುತ್ತದೆ. ಕೇಳಿದ ಕತೆ ಮನೆಯವರೆಗೂ ಬೆನ್ನು ಹತ್ತಿ ಬರುತ್ತದೆ. ಅದಕ್ಕೇ ಒಳ್ಳೆಯ ತರಬೇತಿಯಲ್ಲಿ ತನ್ನನ್ನು ತಾನು ಕಾಪಾಡಿಕೊಳ್ಳುವುದೂ ಒಂದು ಪಾಠ. ಒಬ್ಬರೇ ಹೊರಬೇಡಿ, ಜೊತೆಗಾರರ ಹತ್ತಿರ ಇಳಿಸಿ ಎಂದು ಕಲಿಸುತ್ತಾರೆ. ಸಂಬಳದ ಮಾತೂ ಬರಲಿ. ಇಂದು ಈ ಹುದ್ದೆಗಳಲ್ಲಿ ಎಷ್ಟೋ ಗುತ್ತಿಗೆಯವು, ಸಂಬಳ ಕಡಿಮೆಯವು. ಇದು ನಾಚಿಕೆಗೇಡು. ಮಕ್ಕಳ ಮನಸ್ಸು ಕಾಯುವವರನ್ನು ಹನ್ನೊಂದು ತಿಂಗಳ ಕಾಗದದ ಮೇಲೆ ನಿಲ್ಲಿಸಿ, ಮಕ್ಕಳೇ ದೇಶದ ಭವಿಷ್ಯ ಎಂದು ಭಾಷಣ ಮಾಡುವ ಹಕ್ಕು ಯಾರಿಗಿದೆ? ನೀವು ಕಲಿತು ಬಂದರೆ ನಿಮಗೆ ಗೌರವದ ನೆಲೆ ಒದಗಿಸುವುದು ಊರಿನ ಹಿರಿಯರ, ಜನಪ್ರತಿನಿಧಿಗಳ, ದಾನಿಗಳ ಕರ್ತವ್ಯ. ದೇವಸ್ಥಾನದ ಕಳಸಕ್ಕೆ ಕೈ ಬಿಚ್ಚಿ ಕೊಡುವ ಸೀಮೆ ನಮ್ಮದು. ಹೋಬಳಿಗೊಬ್ಬ ವಿದ್ಯಾರ್ಥಿಯ ಓದಿಗೆ ಕೊಡಲಾರೆವೇ?

ಮೊದಲ ಮೆಟ್ಟಿಲುಗಳು ಕೆಲವು ಆಗಲೇ ಇವೆ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ‘ಮನೋಚೈತನ್ಯ’ ಕಾರ್ಯಕ್ರಮ ನಮ್ಮ ರಾಜ್ಯದ್ದು. ಹದಿಹರೆಯದವರಿಗಾಗಿ ‘ಸ್ನೇಹ ಕ್ಲಿನಿಕ್’ಗಳಿವೆ. ಮಕ್ಕಳ ಸಹಾಯವಾಣಿ 1098 ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಕೋವಿಡ್ಡಿನಲ್ಲಿ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳಿಗೆ ರಾಜ್ಯ ಸರ್ಕಾರ 2021ರಲ್ಲಿ ಬಾಲಸೇವಾ ಯೋಜನೆಯಡಿ ತಿಂಗಳಿಗೆ 3,500 ರೂಪಾಯಿ ಘೋಷಿಸಿತು. ಹಣ ಬೇಕು, ಬಂತು. ಆದರೆ ರಾತ್ರಿ ಎಚ್ಚರವಾದಾಗ ಅಮ್ಮನನ್ನು ಹುಡುಕುವ ಮಗುವಿನ ಪಕ್ಕದಲ್ಲಿ ಕೂತು ಏನು ಹೇಳಬೇಕೆಂದು ಅದರ ಅಜ್ಜಿಗೆ ಯಾರು ಕಲಿಸಿದರು?

ನೊಂದ ಮಗು ಮುಗಿದುಹೋಯಿತೆಂದು ಯಾರಾದರೂ ಹೇಳಿದರೆ ನಂಬಬೇಡಿ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ರುತ್ ಸ್ಮಿತ್ ದಶಕಗಳ ಕಾಲ ಹಿಂಬಾಲಿಸಿದರು. ಬಡತನ, ಜಗಳ, ಕುಡಿತ, ಕಾಯಿಲೆಗಳ ನಡುವೆ ಬೆಳೆದ ಮಕ್ಕಳಲ್ಲೂ ಮೂರರಲ್ಲೊಂದು ಪಾಲು ಗಟ್ಟಿಯಾದ, ಮಮತೆಯುಳ್ಳ ಮನುಷ್ಯರಾಗಿ ನಿಂತರು. ಅವರ ಬದುಕಿನಲ್ಲಿ ಎದ್ದು ಕಂಡ ಸಂಗತಿಯೊಂದೇನೆಂದರೆ, ಕೈಬಿಡದೆ ಜೊತೆಗಿದ್ದ ಒಬ್ಬ ದೊಡ್ಡವರು. ಅಜ್ಜಿ, ನೆರೆಮನೆಯಾಕೆ, ಶಿಕ್ಷಕ, ಯಾರಾದರೂ ಒಬ್ಬರು. ಆ ಒಬ್ಬರು ನೀವಾಗಿ.

ಇಂದಿನಿಂದಲೇ ಮಾಡಬಹುದಾದ ಕೆಲಸವಿದೆ. ಬರುವ ಮಂಗಳವಾರ ಗೆಳೆಯರು ನಾಲ್ವರು ಸೇರಿ ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಹೋಗಿ, ಮನೋವೈದ್ಯರ ಭೇಟಿ ಎಷ್ಟು ಹೊತ್ತಿಗೆ, ಮಕ್ಕಳು ಎಷ್ಟು ಮಂದಿ ಬರುತ್ತಾರೆ ಎಂದು ವಿಚಾರಿಸಿ. ನಿಮ್ಮ ಕಾಲೇಜಿನ ಪ್ರಾಂಶುಪಾಲರನ್ನು ಕಂಡು, ಈ ಓದಿನ ಪ್ರವೇಶದ ಬಗ್ಗೆ ಒಂದು ಮಾಹಿತಿ ಸಭೆ ಏರ್ಪಡಿಸಿ ಎಂದು ಕೇಳಿ. ನಿಮ್ಮ ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮಸಭೆ ನಡೆಯುವ ದಿನ ಹಿಂದಿನ ಸಾಲಿನಲ್ಲಿ ಕೂತು, ಮಕ್ಕಳು ಏನು ಹೇಳುತ್ತಾರೆ ಎಂಬುದರ ಜೊತೆಗೆ ಯಾವ ಮಗು ಏನನ್ನೂ ಹೇಳುವುದಿಲ್ಲ ಎಂಬುದನ್ನೂ ಗಮನಿಸಿ. ಆಮೇಲೆ ಮೂರು ತಾಲ್ಲೂಕು ಕೇಂದ್ರಗಳಲ್ಲಿ ಒಂದೊಂದು ಕೋಣೆ ಕೇಳೋಣ. ಎರಡು ಕಿಟಕಿ, ಒಂದು ಚಾಪೆ, ಒಂದಿಷ್ಟು ಗೊಂಬೆ, ಬಣ್ಣ, ಕಾಗದ, ಬೀಗ ಹಾಕಬಹುದಾದ ಒಂದು ಬೀರು. ಕೋಣೆಯನ್ನು ಕೊಡಿಸುವ ಹೊಣೆ ನಮ್ಮಂಥ ಹಿರಿಯರ ಮೇಲಿರಲಿ. ಅಲ್ಲಿ ಕೂರಲು ಕಲಿತು ಬರುವ ಕಡೂರಿನವರು ಯಾರು, ತರೀಕೆರೆಯವರು ಯಾರು, ಅಜ್ಜಂಪುರದವರು ಯಾರು? ಹೆಸರು ಕೊಡಿ.